ಗೋಡೆ ನೋಡಿದ ನಲವತ್ತು ನಿಮಿಷ

"ನೋಡೋದಕ್ಕೇ ನಿಮಗೆ ಸಂಬಳ ಕೊಡ್ತಾರೆ, ಅಲ್ವಾ?"

ಕ್ಯಾಮೆರಾ ಕೋಣೆಯ ಬಾಗಿಲು ತಳ್ಳಿಕೊಂಡು ಬಂದವಳ ಮೊದಲ ಮಾತೇ ಅದು. ಕೈಯಲ್ಲಿ ಮೆಮೊ. ಕಾಲಲ್ಲಿ ಇನ್ನೂ ಒದ್ದೆ ಬೂಟು.

ಇಪ್ಪತ್ತನಾಲ್ಕು ಪರದೆಗಳ ಮುಂದೆ ಕೂತಿದ್ದವನು ತಿರುಗಿದ. ಅವಳು ಅವನ ಮುಖ ನೋಡಿದ್ದು ಅದೇ ಮೊದಲು. ಅವನು ಮಾತ್ರ ಅವಳನ್ನು ಹದಿನಾಲ್ಕು ತಿಂಗಳಿಂದ ದಿನವೂ ನೋಡುತ್ತಿದ್ದ... ಬೆಳಿಗ್ಗೆ ಆರಕ್ಕೆ ನೆಲ ತೊಳೆಯುವ ಯಂತ್ರ ತಳ್ಳುತ್ತ ಬರುವುದನ್ನು, ಮಧ್ಯಾಹ್ನ ಎರಡಕ್ಕೆ ಕಾಲೆಳೆಯುತ್ತ ಹೋಗುವುದನ್ನು.

"ಕೂತ್ಕೊಂಡು ನೋಡ್ತೀರಲ್ಲ, ನಿಂತವರ ಕಾಲು ಹೇಗಿರುತ್ತೆ ಅಂತ ಯಾವ ಪರದೇಲೂ ಕಾಣಲ್ವಾ? ಒಂದು ದಿನ ಕಣ್ಣು ಹತ್ತಿತು ಅಂತ ಚಾಡಿ ಹೇಳಿದ್ರಿ. ಚೆನ್ನಾಗಿರಿ."

ಅವನು ಎದ್ದು ನಿಂತ. ಬಾಯಿಂದ ಹೊರಬಿದ್ದದ್ದು ಇಷ್ಟೇ.

"ತಪ್ಪು ನಂದೇ."

ಒಪ್ಪಿಕೊಂಡೇಬಿಟ್ಟನಲ್ಲ! ವಾದಕ್ಕೆ ಇಳಿದಿದ್ದರೆ ಇನ್ನೂ ನಾಲ್ಕು ಬೈದು ಹಗುರಾಗುತ್ತಿದ್ದಳು. ಬಾಗಿಲು ಎಳೆದುಕೊಂಡು ಹೊರಬಂದಳು.

ಆ ಮೆಟ್ರೋ ನಿಲ್ದಾಣ ಮನೆಗಳ ಅಡಿಯಲ್ಲಿತ್ತು. ಮೇಲೆ ಬಾಲ್ಕನಿ ತುಂಬ ಒಣಗುವ ಬಟ್ಟೆ, ಹಾರ್ನ್ ಹೊಡೆಯುವ ಶಾಲೆಯ ವ್ಯಾನು, ನಾಯಿ ಹಿಡಿದು ಅಡ್ಡಾಡುವ ನಿವೃತ್ತರು. ಕೆಳಗೆ ಮೂರು ಅಂತಸ್ತು ಇಳಿದರೆ ಬಿಸಿಲೇ ಕಾಣದ ಬೆಳಕು, ಮುಖ ಕಾಣುವಷ್ಟು ಹೊಳೆಯುವ ನೆಲ. ಆ ಹೊಳಪಿನಲ್ಲಿ ತಲೆ ಬಾಚಿಕೊಂಡವರು ಬೇಕಾದಷ್ಟು ಜನ. ಅದನ್ನು ಒರೆಸಿದ್ದು ಯಾರು ಎಂದು ಕೇಳಿದವರು ಒಬ್ಬರೂ ಇಲ್ಲ.

ಗುತ್ತಿಗೆ ಕಂಪನಿಯ ನಿಯಮ ಒಂದಿತ್ತು. ಪ್ರಯಾಣಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಸ್ವಚ್ಛತೆಯವರು ಕೂರಬಾರದು. ಕಣ್ಣಿಗೆ ಬೀಳದ ಜಾಗದಲ್ಲಿ ಕೂರಲು ಏನೂ ಇಡಬೇಕಾಗಿಲ್ಲ ಎಂಬುದು ಬರೆಯದ ನಿಯಮ. "ರೈಲೇ ಅರ್ಧ ನಿಮಿಷ ನಿಂತು ಹೋಗುತ್ತೆ ಕಣೇ, ನಾವು ಎಂಟು ಗಂಟೆ" ಎಂದು ದೊಡ್ಡಕ್ಕ ನಗುತ್ತಿದ್ದಳು. ದೊಡ್ಡಕ್ಕ ಅವರ ತಂಡಕ್ಕೆಲ್ಲ ಹಿರಿಯಳು. ಯಂತ್ರ ನಡೆಸುವವಳಿಗೆ 'ಮಿಷನ್ನು' ಎಂದು ಅಡ್ಡಹೆಸರಿಟ್ಟವಳೂ ಅವಳೇ.

ಮಿಷನ್ನು ತನಗೊಂದು ಜಾಗ ಹುಡುಕಿಕೊಂಡಿದ್ದಳು. ಪ್ಲಾಟ್‌ಫಾರಂ ತುದಿಯ ಕಬ್ಬಿಣದ ಬಾಗಿಲಿನಾಚೆ, ಯಾರೂ ಹತ್ತದ ತುರ್ತು ಮೆಟ್ಟಿಲು. ಹನ್ನೆರಡಕ್ಕೆ ಸರಿಯಾಗಿ ಅಲ್ಲಿ ಕೂತು, ಬೂಟು ಬಿಚ್ಚಿ, ಊದಿದ ಪಾದ ಒತ್ತಿಕೊಂಡು ಹತ್ತು ನಿಮಿಷಕ್ಕೆ ಏಳುತ್ತಿದ್ದಳು. ಮೊದಲ ದಿನ ತಲೆಯ ಮೇಲೆ ಕ್ಯಾಮೆರಾ ಕಂಡು ತಟ್ಟನೆ ಎದ್ದು ಹೋಗಿದ್ದಳು. ಮರುದಿನದಿಂದ ಅದು ಯಾವಾಗಲೂ ಗೋಡೆಗೆ ಮುಖ ಮಾಡಿರುತ್ತಿತ್ತು. ಕೆಟ್ಟಿದೆ ಅಂದುಕೊಂಡಳು. ಕೆಟ್ಟದ್ದು ಯಾವುದಾದರೂ ಬಡವರಿಗೆ ಉಪಕಾರ ಮಾಡುವುದುಂಟಲ್ಲ!

ಹೋದ ಮಂಗಳವಾರ ಎಡವಟ್ಟಾಯಿತು. ಮೂರು ವರ್ಷದಿಂದ ಹಾಸಿಗೆ ಹಿಡಿದ ಅಮ್ಮನಿಗೆ ಜ್ವರ ಬಂದು, ನಾಲ್ಕು ದಿನ ಅವಳಿಗೆ ರೆಪ್ಪೆ ಮುಚ್ಚಲಾಗಿರಲಿಲ್ಲ. ಮೆಟ್ಟಿಲ ಕಂಬಿಗೆ ತಲೆಯಾನಿಸಿದ್ದೊಂದೇ ನೆನಪು. ಎಚ್ಚರವಾದಾಗ ಸೂಪರ್‌ವೈಸರನ ಬೂಟು ಕಣ್ಣೆದುರಿತ್ತು. ನಲವತ್ತು ನಿಮಿಷ ಕಳೆದಿತ್ತು. ಇನ್ನೊಂದು ತಪ್ಪು ಕಂಡರೆ ಮನೆಗೆ ಎಂದು ಮೆಮೊದಲ್ಲಿ ಬರೆದಿದ್ದರು.

ಸೂಪರ್‌ವೈಸರ್ ನೆಟ್ಟಗೆ ಅಲ್ಲಿಗೇ ಹೇಗೆ ಬಂದ? ಕ್ಯಾಮೆರಾ ಕೆಟ್ಟಿರಲೇ ಇಲ್ಲ ಅಂತಾಯಿತು. ಹಾಗಾದರೆ ಹೇಳಿದವನು ಇನ್ಯಾರು?

ಮಾಪು ಹಿಂಡುವ ನಲ್ಲಿಯ ಹತ್ತಿರ ಅವಳು ಈ ಕಥೆಯನ್ನೆಲ್ಲ ಒದರಿದಾಗ, ಕ್ಯಾಮೆರಾ ಕೋಣೆಯ ಕಸ ತೆಗೆಯುವ ದೊಡ್ಡಕ್ಕ ನಲ್ಲಿ ನಿಲ್ಲಿಸಿದಳು.

"ಅವನಿಗೆ ಬೈದು ಬಂದ್ಯಾ? ಅಯ್ಯೋ ನಿನ್ನ ಬುದ್ಧಿಗಿಷ್ಟು. ಅವನಿಗೂ ನೋಟಿಸು ಕೊಟ್ಟಿದಾರೆ."

ದೊಡ್ಡಕ್ಕ ಹೇಳಿದ್ದಿಷ್ಟು. ದಿನವೂ ಹನ್ನೆರಡಕ್ಕೆ ಆ ಕ್ಯಾಮೆರಾವನ್ನು ಗೋಡೆಗೆ ತಿರುಗಿಸುತ್ತಿದ್ದವನು ಅವನೇ. ಹತ್ತು ನಿಮಿಷಕ್ಕೆ ಕಬ್ಬಿಣದ ಬಾಗಿಲಿನಿಂದ ಈಚೆ ಅವಳು ಬಂದದ್ದು ಬೇರೆ ಪರದೆಯಲ್ಲಿ ಕಂಡ ಮೇಲೆ ಮತ್ತೆ ತಿರುಗಿಸುತ್ತಿದ್ದ. ಮಂಗಳವಾರ ಅವಳು ಬರಲೇ ಇಲ್ಲ. ತಿರುಗಿಸಿದರೆ ಅವಳು ಪರದೆ ಮೇಲೆ ಬೀಳುತ್ತಾಳೆ ಎಂದು ಗೋಡೆಯನ್ನೇ ನೋಡುತ್ತ ಕೂತ. ರೌಂಡಿಗೆ ಬಂದ ಸೂಪರ್‌ವೈಸರನಿಗೆ ಆ ಬೋಳು ಗೋಡೆ ಕಂಡಿತು. ಏನೆಂದು ನೋಡಲು ಹೋದ. ಮುಂದಿನದ್ದು ಅವಳಿಗೇ ಗೊತ್ತು.

"ದಿನಾ ಅವಳಿಗೋಸ್ಕರಾನೇ ತಿರುಗಿಸ್ತಿದ್ದೆ ಅಂತ ಹೇಳು, ನೀನು ಉಳೀತೀಯ ಅಂದರಂತೆ. ಕೈತಪ್ಪಿ ಆಯ್ತು ಅಂತ ಬರೆದುಕೊಟ್ಟಿದಾನೆ ಪುಣ್ಯಾತ್ಮ. ಗುರುವಾರ ಮೂರಕ್ಕೆ ವಿಚಾರಣೆ."

ಅವಳ ಕೈಯಲ್ಲಿದ್ದ ಮಾಪು ಹಾಗೇ ನೀರು ಸುರಿಸುತ್ತಿತ್ತು. ಹದಿನಾಲ್ಕು ತಿಂಗಳು... ನನ್ನನ್ನು ನೋಡಬಾರದೆಂದು ಒಬ್ಬ ಮನುಷ್ಯ ಗೋಡೆ ನೋಡಿದ. ನಾನು ಅವನಿಗೆ ಚಾಡಿಕೋರ ಅಂದೆ!

ಗುರುವಾರದವರೆಗೆ ಅವಳು ಲೆಕ್ಕವಿಲ್ಲದಷ್ಟು ಸಲ ಮನಸ್ಸು ಬದಲಿಸಿದಳು. ಬಾಯಿ ಮುಚ್ಚಿಕೊಂಡಿದ್ದರೆ ಅವಳ ಕೆಲಸ ಉಳಿಯುತ್ತದೆ, ಅವನದು ಹೋಗುತ್ತದೆ. ಬಾಯಿಬಿಟ್ಟರೆ ಅಮ್ಮನ ಔಷಧಿಗೆ ಯಾರು? ಅಮ್ಮನಿಗೆ ಗಂಜಿ ಕುಡಿಸುತ್ತ ವಿಷಯ ಹೇಳಿದಳು. ಅಮ್ಮ, ಮಲಗಿದವಳಿಗೆ ಅನ್ನ ಹಾಕೋಕೆ ಇನ್ನೊಬ್ಬರ ಅನ್ನ ಕಿತ್ಕೊಳ್ಳಬೇಡ ಎಂದಷ್ಟೇ ಹೇಳಿ ಬಾಯಿ ಒರೆಸಿಕೊಂಡರು.

ವಿಚಾರಣೆಯ ಕೋಣೆಯಲ್ಲಿ ಅಧಿಕಾರಿ, ಸೂಪರ್‌ವೈಸರ್, ಗೋಡೆಗಂಟಿ ನಿಂತ ಅವನು. ಕರೆಯದೆ ಒಳಬಂದವಳು ಖಾಲಿ ಕುರ್ಚಿ ಎಳೆದುಕೊಂಡು ಕೂತಳು. ಸೂಪರ್‌ವೈಸರ್ ಎದ್ದೇಳು ಎಂದು ಗದರಿದ.

"ಏಳಲ್ಲ. ಇದು ನಿಂತ್ಕೊಂಡು ಹೇಳೋ ಮಾತಲ್ಲ ಸರ್."

ಅವಳು ಬೂಟು ಬಿಚ್ಚಿದಳು. ಕಾಲುಚೀಲ ಬಿಚ್ಚಿದಳು. ಮೀನಖಂಡದ ತುಂಬ ನೀಲಿ ನರಗಳು ಗಂಟುಗಂಟಾಗಿ ಎದ್ದಿದ್ದವು. ಅಧಿಕಾರಿ ಕಣ್ಣು ತಪ್ಪಿಸಿದರು.

"ನೋಡಿ ಸರ್. ಇದನ್ನ ನೋಡ್ಬಾರದು ಅಂತಾನೇ ಇವರು ಕ್ಯಾಮೆರಾ ತಿರುಗಿಸಿದ್ದು. ದಿನಾ ಹತ್ತು ನಿಮಿಷ ಅಲ್ಲಿ ಕೂತಿದ್ದು ನಾನು. ಕೂರೋದು ತಪ್ಪಾದ್ರೆ ನನ್ನನ್ನ ಕಳಿಸಿ. ಆದ್ರೆ ನಿಮ್ಮ ನೆಲಕ್ಕೆ ಎಂಟು ಗಂಟೆ ಹೊಳಪು ಬೇಕು, ಅದನ್ನ ಕೊಡೋರಿಗೆ ಒಂದು ಬೆಂಚು ಬೇಡ. ಇದ್ಯಾವ ನ್ಯಾಯ ಅಂತ ನಿಮ್ಮ ವರದೀಲೂ ಬರ್ಕೊಳ್ಳಿ."

ಯಾರೂ ಬರೆದುಕೊಳ್ಳಲಿಲ್ಲ. ಅಧಿಕಾರಿ ಸುಸ್ತಾದವರಂತೆ ಹಣೆ ಉಜ್ಜಿಕೊಂಡು ಗಾಜಿನ ಬಾಗಿಲ ಕಡೆ ನೋಡಿದರು. ಹೊರಗೆ ದೊಡ್ಡಕ್ಕ ಮತ್ತು ಹತ್ತು ಜನ ಹೆಂಗಸರು ಮಾಪು ಹಿಡಿದು ನಿಂತಿದ್ದರು. ಹತ್ತೂ ಜನ ಮಧ್ಯಾಹ್ನದ ಪಾಳಿಯವರು. ಕೆಳಗೆ ಮೂರು ಅಂತಸ್ತಿನಲ್ಲಿ ಆ ಹೊತ್ತು ಕಸಕ್ಕೆ ಕೈಹಾಕಲು ಒಬ್ಬರೂ ಇರಲಿಲ್ಲ.

ತೀರ್ಪು ಸಿಹಿಯೂ ಅಲ್ಲ, ಪೂರ್ತಿ ಕಹಿಯೂ ಅಲ್ಲ. ಅವಳಿಗೆ ಕೊನೆಯ ಎಚ್ಚರಿಕೆ. ಬೆಂಚಿನ ವಿಷಯ ಪರಿಶೀಲಿಸಲಾಗುವುದು. ಅವನನ್ನು ಕ್ಯಾಮೆರಾ ಕೋಣೆಯಿಂದ ತೆಗೆದು ಟಿಕೆಟ್ ಗೇಟಿನಲ್ಲಿ ನಿಲ್ಲಿಸಿದರು. ಎಂಟು ಗಂಟೆ.

ಎರಡು ವಾರದ ಮೇಲೆ, ಪಾಳಿ ಮುಗಿದ ಮಧ್ಯಾಹ್ನ, ಇಬ್ಬರೂ ಒಟ್ಟಿಗೆ ಮೇಲೆ ಬಂದರು. ಮನೆಗಳ ನಡುವಿನ ಪುಟ್ಟ ಪಾರ್ಕಿನಲ್ಲಿ ನೆರಳಿದ್ದ ಕಲ್ಲುಬೆಂಚು. ಅವನು ಕೂತವನೇ ಮುಖ ಕಿವುಚಿ ಪಾದ ಒತ್ತಿಕೊಂಡ. ಅವಳಿಗೆ ನಗು ಬಂತು, ಹಿಂದೆಯೇ ಅಳುವೂ.

"ನನ್ನಿಂದ ನಿಮಗೆ ಈ ಗತಿ."

"ಇಲ್ಲ ಬಿಡಿ. ಅಲ್ಲಿ ಇಪ್ಪತ್ನಾಲ್ಕು ಪರದೆ ಇತ್ತು, ಒಂದರಲ್ಲೂ ಧ್ವನಿ ಇರಲಿಲ್ಲ." ಅವನು ಇನ್ನೊಂದು ಪಾದ ಕೈಗೆತ್ತಿಕೊಂಡ. "ನಿಮ್ಮ ಧ್ವನಿ ಹೇಗಿರಬಹುದು ಅಂತ ಹದಿನಾಲ್ಕು ತಿಂಗಳು ಯೋಚಿಸಿದೀನಿ. ಮೊದಲ ಸಲ ಕೇಳಿದ್ದು ಬೈಗುಳ."

"ಬೇಜಾರಾಯ್ತಾ?"

"ಸಾಕಾಗಲಿಲ್ಲ. ಇನ್ನೂ ಕೇಳ್ಬೇಕು ಅನ್ನಿಸ್ತು... ಜೀವನ ಪೂರ್ತಿ."

ಎದುರು ಬಾಲ್ಕನಿಯಲ್ಲಿ ಯಾರೋ ಹಾಸಿಗೆಯ ಚಾದರ ಕೊಡವಿದರು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಹೂಂ ಅನ್ನಲು ಎಷ್ಟು ಆಸೆಯೋ, ಅಷ್ಟೇ ಭಯ. ದಣಿದವರಿಗೆ ಸುಖವೂ ಇನ್ನೊಂದು ಪಾಳಿಯಂತೆ ಕಾಣುತ್ತದೆ.

"ನಮ್ಮಮ್ಮನಿಗೆ ರಾತ್ರಿ ಎರಡು ಸಲ ಮಗ್ಗುಲು ಬದಲಿಸಬೇಕು. ಇಲ್ಲಾಂದ್ರೆ ಬೆನ್ನು ಹುಣ್ಣಾಗುತ್ತೆ. ಇದನ್ನೂ ಯೋಚಿಸಿದೀರಾ?"

"ಒಂದು ಸಲ ನಾನು ಎದ್ದೇಳ್ತೀನಿ."

"ಇನ್ನೊಂದು ಸಲ?"

"ಅದಕ್ಕೂ ನಾನೇ. ನೀವು ಮೊದಲು ಒಂದು ವರ್ಷದ ನಿದ್ದೆ ತೀರಿಸ್ಕೊಳ್ಳಿ. ಆಮೇಲೆ ಜಗಳ ಆಡಿ ಸಮ ಮಾಡ್ಕೊಳ್ಳೋಣ."

ಅವಳು ಅವನ ಹೆಗಲಿಗೆ ತಲೆಯಾನಿಸಿ, ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಅಮ್ಮನಿಗೆ ನೀವೇ ಹೇಳ್ತೀರಾ, ನಾನು ಹೇಳ್ಲಾ?"

"ನಾನೇ ಬರ್ತೀನಿ. ಈಗ ಮಲಗಿ."