ಗಾಡಿ ಬೆಲೆಯ ಹಾಯಿದೋಣಿ

"ಕಲ್ಲು ಬುಡಬ್ಯಾಡ ಕಣ್ಲಾ! ಗಟ್ಟಿಯಾಗಿ ಇಡ್ಕೊ!"

ಸೆರಗನ್ನು ಸೊಂಟಕ್ಕೆ ಬಿಗಿದು ಮದ್ದೂರು ಕೆರೆಯ ಏರಿ ಮೇಲೆ ಓಡುತ್ತಿದ್ದ ಹೊಂಬಾಳೆಗೆ ತಾನೇನು ಕೂಗುತ್ತಿದ್ದೇನೆ ಅನ್ನುವುದರ ಮೇಲೂ ಗಮನವಿರಲಿಲ್ಲ. ಅವಳ ಕಣ್ಣೆಲ್ಲ ತೂಬಿನ ಮೇಲೇ ಇತ್ತು.

ಅಲ್ಲಿ ಎದೆಮಟ್ಟ ನೀರಿನಲ್ಲಿ ಯಾವನೋ ಒಬ್ಬ ಕಲ್ಲುಕಂಬ ತಬ್ಬಿಕೊಂಡು ಒದ್ದಾಡುತ್ತಿದ್ದ. ಪಕ್ಕದಲ್ಲಿ ಅವನ ದೋಣಿ ಕೆಸರಲ್ಲಿ ಹೂತು ವಾಲಿಕೊಂಡಿತ್ತು. ದೂಡಲೆಂದು ನೀರಿಗಿಳಿದವನನ್ನು ಸೆಳೆತ ಹಿಡಿದು, ತೆರೆದ ತೂಬಿನ ಬಾಯಿಗೆ ಎಳೆಯುತ್ತಿತ್ತು.

ಅಯ್ಯೋ... ಅಪ್ಪನ ಕಾಲು ಹೋಗಿದ್ದೂ ಇಲ್ಲೇ ಅಲ್ಲವಾ!

ಚಪ್ಪಡಿ ಮೇಲೆ ಹಾರಿದವಳೇ ಹಲಗೆ ಎತ್ತಿ ಕಟ್ಟಿದ್ದ ಹಗ್ಗ ಬಿಚ್ಚಿದಳು. ಕಲ್ಲುಕಂಬಗಳ ನಡುವೆ ತೂಬಿನ ಹಲಗೆ ಸರ್ರನೆ ಜಾರಿ ಕೆಳಗೆ ಕೂತಿತು. ಸೆಳೆತ ನಿಂತುಹೋಯಿತು.

ಅವನು ತೆವಳಿಕೊಂಡು ಮೇಲೆ ಬಂದ. ಉಸಿರು ಸಿಕ್ಕಿದ ಮೇಲೆ ಎರಡೂ ಕೈ ಜೋಡಿಸಿದ.

"ನಿನ್ ಪಾದಕ್ಕೆ ಅಡ್ಡ ಬೀಳ್ತೀನಿ ಕಣಮ್ಮ."

"ಬೀಳಬ್ಯಾಡಿ! ಇಲ್ಲಿ ಬಿದ್ರೆ ಮತ್ತೆ ನೀರಿಗೇ ಬೀಳೋದು!"

ಸಿಟ್ಟಿಗೆ ಅಂದ ಮಾತಿಗೆ ಅವನು ನಕ್ಕುಬಿಟ್ಟ. ಸಾವಿನ ಬಾಯಿಂದ ಈಗ ತಾನೆ ಎದ್ದು ಬಂದವನು ಇಷ್ಟು ಚೆನ್ನಾಗಿ ನಗುತ್ತಾನಾ? ಹೊಂಬಾಳೆ ಮುಖ ತಿರುಗಿಸಿಕೊಂಡಳು.

ಅವಳು ನೀರುಗಂಟಿ ನಿಂಗಯ್ಯನ ಒಬ್ಬಳೇ ಮಗಳು. ಸರದಿ ನೋಡಿ ರೈತರ ಗದ್ದೆಗೆ ಕೆರೆ ನೀರು ಬಿಡುವುದು ಆ ಮನೆಯ ಕೆಲಸ. ಒಂದು ಮಳೆಗಾಲದಲ್ಲಿ ಈ ತೂಬಿನ ಬಾಯಿಗೆ ಸಿಕ್ಕ ನಿಂಗಯ್ಯನ ಬಲಗಾಲು ಆಮೇಲೆ ಮಡಚಲೇ ಇಲ್ಲ. ಅಲ್ಲಿಂದ ಕೆಲಸದ ಹೆಸರು ಅಪ್ಪನದು, ದುಡಿಮೆ ಮಗಳದು. ಹೆಣ್ಣು ಕೇಳಿ ಬಂದವರಿಗೆಲ್ಲ ಅವಳದು ಒಂದೇ ಮಾತು. "ಅಪ್ಪನ್ನ ಬುಟ್ಟು ಬರಕಿಲ್ಲ." ಬಂದವರು ಮಜ್ಜಿಗೆ ಕುಡಿದು ಎದ್ದು ಹೋಗುತ್ತಿದ್ದರು.

ನೀರಿನಿಂದ ಎದ್ದು ಬಂದವನು ಸೋಮನಹಳ್ಳಿಯ ಸಿದ್ದರಾಜು. ಗದ್ದೆ ತೋಟ ಇದ್ದ ಮನೆಯ ಕಿರಿಮಗ. ಮನೆಯಲ್ಲಿ ಜಗಳವಾಡಿಕೊಂಡು ಬೊಂಬಾಯಿಗೆ ಓಡಿಹೋಗಿ, ದೋಣಿ ಕಟ್ಟುವ ಕಡೆ ಕೆಲಸ ಕಲಿತು, ಎರಡನೇ ಮಹಾಯುದ್ಧ ಮುಗಿದ ಮೇಲೆ ಊರಿಗೆ ಬಂದಿದ್ದ.

"ಅಲ್ಲಿ ದೊರೆಗಳು ಹಾಯಿದೋಣಿ ಕಟ್ಟಿಸ್ಕೊಂಡು ಅದ್ರಲ್ಲೇ ಉಂಡು ಮಲಗಿ ಸುತ್ತಾಡ್ತಾರೆ ಕಣಮ್ಮ. ಒಂದೊಂದಕ್ಕೂ ಒಂದು ಮನೆ ಕಟ್ಟೋವಷ್ಟು ದುಡ್ಡು! ಅಂಥದ್ದನ್ನೇ ನಮ್ಮ ಜನಕ್ಕೆ ಎತ್ತಿನಗಾಡಿ ಬೆಲೆಗೆ ಕಟ್ಟಿಕೊಡ್ಬೇಕು ಅಂತ ನನ್ನಾಸೆ. ಕನ್ನಂಬಾಡಿ ಕಟ್ಟೆ ಹಿಂದೆ ಎಷ್ಟು ನೀರು ನಿಂತದೆ! ನಾವ್ಯಾಕೆ ಸುತ್ತಾಡ್ಬಾರ್ದು?"

"ಮೊದ್ಲು ಈ ಕೆರೆ ದಾಟಿ!" ಅಂದಳು ಹೊಂಬಾಳೆ. ಆದರೂ ಕುತೂಹಲ ತಡೆಯಲಿಲ್ಲ. "ಅದ್ಯಾಕೆ ಹಂಗೆ ಹೂತ್ಕೊಂತು?"

ಅವನು ದೋಣಿಯ ಅಡಿ ತೋರಿಸಿದ. ಹೊಟ್ಟೆಯ ಕೆಳಗೆ ಉದ್ದಕ್ಕೂ ಒಂದು ಹಲಗೆ ಇಳಿಬಿದ್ದಿತ್ತು. ಅದಿಲ್ಲದಿದ್ದರೆ ಗಾಳಿ ದೋಣಿಯನ್ನು ಪಕ್ಕಕ್ಕೆ ನೂಕುತ್ತದೆ, ನೆಟ್ಟಗೆ ಹೋಗುವುದಿಲ್ಲ. ಸಮುದ್ರದ ಆಳದಲ್ಲಿ ಸರಿ, ಹೂಳು ತುಂಬಿದ ಕೆರೆಯಲ್ಲಿ ಅದೇ ಹೋಗಿ ಕೆಸರಿಗೆ ನೆಟ್ಟುಕೊಳ್ಳುತ್ತದೆ.

ಹೊಂಬಾಳೆ ಸ್ವಲ್ಪ ಯೋಚಿಸಿದಳು.

"ಬೇಕಾದಾಗ ಇಳಿಸಿ, ಬ್ಯಾಡದಾಗ ಎತ್ಕೊಳ್ಳಿ. ನಮ್ಮ ತೂಬಿನ ಹಲಗೆಯಂಗೆ."

ಸಿದ್ದರಾಜು ತೂಬು ನೋಡಿದ. ದೋಣಿ ನೋಡಿದ. ಆಮೇಲೆ ಅವಳನ್ನೇ ನೋಡುತ್ತಾ ನಿಂತುಬಿಟ್ಟ.

"ಬೊಂಬಾಯಲ್ಲೂ ಎತ್ತಿ ಇಳಿಸೋ ಹಲಗೆ ನೋಡಿದ್ದೆ... ನಮ್ಮ ಕೆರೆಗೆ ಅದೇ ಸರಿ ಅಂತ ನನ್ ತಲೆಗೆ ಹೊಳೀಲೇ ಇಲ್ವಲ್ಲ! ನಿನ್ ಹೆಸರೇನಮ್ಮ?"

ಏರಿಯ ಕೆಳಗಿನ ಹುಣಸೆಮರದಡಿ ಹೊಸ ದೋಣಿ ಏಳತೊಡಗಿತು. ತೇಗದ ಮಾತೇ ಇಲ್ಲ. ಮೈಗೆ ಮಾವಿನ ಹಲಗೆ, ಒಳಗಿನ ಪಕ್ಕೆಗಳಿಗೆ ಗಾಡಿಗೆ ಹಾಕುವ ಜಾಲಿ, ಹಾಯಿಕಂಬಕ್ಕೆ ಸರ್ವೆಮರ. ಮಿಲಿಟರಿಯವರು ಹರಾಜು ಹಾಕಿದ ಗುಡಾರದ ಬಟ್ಟೆಯಲ್ಲಿ ಹಾಯಿ ಹೊಲಿದುಕೊಟ್ಟವರು ಮದ್ದೂರು ಸ್ಟೇಷನ್ ಹತ್ತಿರ ಗಾಡಿ ಕಮಾನಿಗೆ ಬಟ್ಟೆ ಹೊಲಿಯುತ್ತಿದ್ದ ನಿಜಾಮುದ್ದೀನ್ ಸಾಬರು ಮತ್ತು ಅವರ ಹೆಂಡತಿ ಬಿಬಿ ಜಾನ್.

ನೀರು ತಿರುಗಿಸಿ ಬರುವಾಗೆಲ್ಲ ಹೊಂಬಾಳೆಯ ಕಾಲು ತಾನಾಗಿ ಹುಣಸೆಮರದ ಕಡೆ ತಿರುಗುತ್ತಿತ್ತು. ಮಧ್ಯದಲ್ಲಿ ಹಲಗೆ ಇಳಿಯುವ ಗೂಡು ಎಷ್ಟು ಎತ್ತರ ಇರಬೇಕು, ಹಗ್ಗ ಯಾವ ಕಡೆ ಕಟ್ಟಬೇಕು... ಎಲ್ಲಕ್ಕೂ ಅವನು ಅವಳನ್ನೇ ಕೇಳುತ್ತಿದ್ದ. ನೀರು ಬಿಡು ಅನ್ನುವವರು ಊರೆಲ್ಲ ಇದ್ದರು. 'ನಿಂಗೇನನ್ನಿಸ್ತದೆ?' ಅಂತ ಕೇಳಿದವನು ಇವನೊಬ್ಬನೇ. ಅದಕ್ಕೇ ಅವಳ ಮನಸ್ಸು ಅವನಿಗೆ ಋಣಿಯಾಗಿತ್ತು.

ಹಲಗೆ ಗೂಡಿನ ಬಲಕ್ಕೆ ಒಂದು ಸಣ್ಣ ಮಣೆ ಹಾಕಿ ಒಂದು ದಿನ ಅವನೆಂದ.

"ಹಗ್ಗ ಇಡ್ಕೊಂಡು ಕೂರೋ ಈ ಜಾಗ ನಿಂದು ಹೊಂಬಾಳೆ. ಬೇರೆ ಯಾರನ್ನೂ ಕೂರಿಸಕಿಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಮನೆಗೆ ಹೋಗುವಾಗ ಮಾತ್ರ ಹೆಜ್ಜೆ ಭಾರವಾಯಿತು. ಬೇಡ ಮನಸೇ, ಆಸೆ ಪಡಬೇಡ... ಸೋಮನಹಳ್ಳಿಗೆ ಸೊಸೆಯಾಗಿ ಹೋದರೆ ಅಪ್ಪನ್ನ ಎತ್ತಿ ಕೂರಿಸೋರು ಯಾರು?

ಸಂಕ್ರಾಂತಿ ಕಳೆದ ಮೇಲೆ ಮೈಸೂರಿಂದ ಒಂದು ಕಾರು ಬಂತು. ಕೋಟು ಹಾಕಿದ ಯಜಮಾನರು, ರೇಷ್ಮೆ ಸೀರೆ ಉಟ್ಟ ಹೆಂಡತಿ ಇಬ್ಬರೂ ದೋಣಿಯ ಸುತ್ತ ತಿರುಗಿ ತಿರುಗಿ ನೋಡಿ, ಸಿದ್ದರಾಜುವಿನ ಬೆನ್ನು ತಟ್ಟಿ ಹೋದರು.

ಮಾರನೆಯ ದಿನ ಹೋಗಿ ನೋಡಿದರೆ ಹೊಂಬಾಳೆಯ ಮಣೆಯೇ ಇರಲಿಲ್ಲ! ಆ ಜಾಗದಲ್ಲಿ ಒರಗಿಕೊಳ್ಳಲು ಬೆನ್ನಿರುವ ಉದ್ದನೆಯ ಆಸನ, ಅದರ ಮೇಲೆ ಹತ್ತಿ ತುಂಬಿದ ಮೆತ್ತೆ.

"ಇದ್ಯಾರಿಗೆ?"

ಸಿದ್ದರಾಜು ತಡವರಿಸಿದ. "ಅದು... ಒಬ್ರ ಅಳತೆಗೆ ಮಾಡಿದ್ದು. ಈಗ್ಲೇ ಕೇಳಬ್ಯಾಡ ಹೊಂಬಾಳೆ."

ಕೇಳುವುದೇನಿದೆ? ರೇಷ್ಮೆ ಸೀರೆಯವರು ಒರಗಿ ಕೂರುವ ಜಾಗ ಅವಳ ಕಣ್ಣಿಗೆ ಕಟ್ಟಿದಂತಿತ್ತು. ದೋಣಿ ಮಾರಿದ್ದಾನೆ... ಮಾರಲಿ ಪಾಪ, ಬದುಕಬೇಕಲ್ಲ! ಆದರೆ ನಿಂದು ಅಂದ ಜಾಗವನ್ನೂ ಅದರ ಜೊತೆ ಮಾರಿಬಿಟ್ಟನಾ? ನನಗೊಂದು ಮಾತು ಹೇಳಬಾರದಿತ್ತಾ?

"ಒಳ್ಳೇದಾಗ್ಲಿ," ಎಂದಷ್ಟೇ ಅಂದು ಬಂದುಬಿಟ್ಟಳು. ಅಲ್ಲಿಂದ ತೂಬಿಗೆ ಹೋಗಲು ಸುತ್ತುದಾರಿ ಹಿಡಿದಳು. ಅವನು ಏರಿ ಮೇಲಿಂದ ಕೂಗಿದರೂ ಕೇಳಿಸದವಳಂತೆ ಗದ್ದೆ ಬದುವಿಗೆ ಇಳಿದುಬಿಡುತ್ತಿದ್ದಳು. ಒಲೆ ಮುಂದೆ ಕೂತು ಹೊಗೆಯ ನೆಪದಲ್ಲಿ ಅತ್ತಳು.

ನಿಂಗಯ್ಯ ಎಲ್ಲ ನೋಡುತ್ತಿದ್ದ. ಕೊನೆಗೊಂದು ಬೆಳಿಗ್ಗೆ ಊರುಗೋಲು ಕೈಗೆ ತೆಗೆದುಕೊಂಡ.

"ನಡಿಯವ್ವ, ನನ್ನ ಕೆರೆ ತಾವ ಕರ್ಕೊಂಡೋಗು. ಇವತ್ತು ದೋಣಿ ನೀರಿಗೆ ಬುಡ್ತಾರಂತೆ."

"ನಾ ಬರಕಿಲ್ಲ ಕಣಪ್ಪ."

"ಏರಿ ಹತ್ತೋಕೆ ನಂಗೊಬ್ಬನಿಗೆ ಆಯ್ತದಾ?"

ಅಷ್ಟು ಸಾಕಿತ್ತು, ಅವಳು ಹೆಗಲು ಕೊಟ್ಟಳು.

ಕಲ್ಲುಮೆಟ್ಟಿಲ ಹತ್ತಿರ ದೋಣಿ ನೀರಲ್ಲಿ ತೇಲುತ್ತಿತ್ತು. ಕಾರಿರಲಿಲ್ಲ, ರೇಷ್ಮೆ ಸೀರೆಯೂ ಇರಲಿಲ್ಲ! ಇದ್ದವರು ಬಿಬಿ ಜಾನ್, ನಿಜಾಮುದ್ದೀನ್ ಸಾಬರು ಮತ್ತು ತಲೆ ತಗ್ಗಿಸಿ ನಿಂತ ಸಿದ್ದರಾಜು. ಗಂಡಸರಿಬ್ಬರೂ ನಿಂಗಯ್ಯನನ್ನು ಜೋಪಾನವಾಗಿ ಎತ್ತಿ ದೋಣಿಯೊಳಗಿನ ಉದ್ದನೆಯ ಆಸನದ ಮೇಲೆ ಕೂರಿಸಿದರು.

ಬೆನ್ನು ಒರಗಿತು. ಮಡಚಲಾಗದ ಆ ಬಲಗಾಲು ಮೆತ್ತೆಯ ಮೇಲೆ ಉದ್ದಕ್ಕೆ ಚಾಚಿಕೊಂಡಿತು. ಹಿಮ್ಮಡಿ ತುದಿಯ ಅಡ್ಡಪಟ್ಟಿಗೆ ಸರಿಯಾಗಿ ಹೋಗಿ ತಾಗಿತು. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಮ್ಮಿ ಇಲ್ಲ.

ಹೊಂಬಾಳೆ ಬಗ್ಗಿ ಆ ಅಡ್ಡಪಟ್ಟಿ ಮುಟ್ಟಿ ನೋಡಿದಳು. "ಅಪ್ಪಾ... ಇದು..."

"ನನ್ ಅಳತೆಯೇ ಕಣವ್ವ. ನೀನು ಗದ್ದೆ ಕಡೆ ಓಗಿದ್ದಾಗ ಬಂದು, ದಾರ ಇಡ್ದು ನನ್ ಕಾಲು ಅಳ್ಕೊಂಡೋದ. ನಿಂಗೆ ಹೇಳಬ್ಯಾಡಿ ಅಂದ."

"ಅರೆ ಬೇಟಿ, ಆ ಮೆತ್ತೆ ನಾನೇ ಹೊಲಿದಿದ್ದು!" ಬಿಬಿ ಜಾನ್ ನಕ್ಕರು. "ಕಾಲು ಒತ್ತಬಾರ್ದು, ಹತ್ತಿ ಇನ್ನೂ ಹಾಕಿ ಅಂತ ಪ್ರಾಣ ತಿಂದ ಈ ಹುಡುಗ."

ಹೊಂಬಾಳೆ ಸಿದ್ದರಾಜುವಿನ ಕಡೆ ತಿರುಗಿದಳು. ಕಣ್ಣಲ್ಲಿ ನೀರು, ಮಾತಲ್ಲಿ ಕೋಪ!

"ನಂಗ್ಯಾಕೆ ಹೇಳಲಿಲ್ಲ? ಮೈಸೂರಿನೋರಿಗೆ ಮಾರಿದ್ರಿ ಅಂದ್ಕೊಂಡು ನಾನು..."

"ಅವ್ರು ತೇಗದ್ದು, ಹಿತ್ತಾಳೆ ಹೊಡೆದದ್ದು ಬೇರೆ ಮಾಡಿಸ್ಕೊತಾರೆ. ಇದು ಮಾರೋಕಲ್ಲ." ಅವನು ಈಗ ತಲೆ ಎತ್ತಿದ. "ನಮ್ಮವ್ವ ಚಿಕ್ಕಬೋರಮ್ಮ ಒಪ್ಪಬೇಕಿತ್ತು ಹೊಂಬಾಳೆ. ಮನೆ ಅಳಿಯನಾಗಿ ಓಯ್ತೀನಿ ಅಂದಾಗ ಊಟ ಬುಟ್ಟು ಮಲಗಿಬುಟ್ಳು. ಅವ್ಳು ಹೂಂ ಅನ್ನೋಗಂಟ ನಿಂಗೆ ಆಸೆ ಹುಟ್ಟಿಸಬಾರ್ದು ಅಂತ ಬಾಯಿ ಮುಚ್ಕೊಂಡಿದ್ದೆ. ನೆನ್ನೆ ಒಪ್ಪಿದ್ಳು."

ಮನೆ ಅಳಿಯ! ಗದ್ದೆ ತೋಟ ಇರುವ ಮನೆಯ ಮಗ ನೀರುಗಂಟಿಯ ಮನೆಗೆ!

"ಜನ ನಗ್ತಾರೆ..." ಅಂದಳು ಹೊಂಬಾಳೆ.

"ನಗ್ಲಿ ಬುಡು. ಈ ಮರದಡಿ ದೋಣಿ ಕಟ್ಕೊಂಡಿರ್ತೀನಿ, ನೀನು ನೀರು ಬುಡ್ಕೊಂಡಿರು. ಕುಯ್ಲು ಮುಗಿದು ತೂಬು ಮುಚ್ಚಿದಾಗ ದೋಣೀನ ಗಾಡಿ ಮೇಲೆ ಹೇರ್ಕೊಂಡು ಕನ್ನಂಬಾಡಿಗೆ ಓಗುವ, ಮೂರೂ ಜನ. ಮಾವ ಇಲ್ಲೇ ಕಾಲು ಚಾಚ್ಕೊಂಡು ಮಲಗ್ಲಿ. ಅವತ್ತು ನೀನು ಬರ್ದೇ ಇದ್ದಿದ್ರೆ ನಾನೆಲ್ಲಿರ್ತಿದ್ದೆ ಹೊಂಬಾಳೆ? ಈ ಜೀವ ನೀನು ಉಳಿಸಿಕೊಟ್ಟಿದ್ದು. ಅದನ್ನ ನಿನ್ ಮನೇಲೇ ಇಟ್ಕೊ."

ಎಷ್ಟೋ ವರ್ಷದಿಂದ ಒಬ್ಬಳೇ ಹೊತ್ತಿದ್ದ ಹೊರೆಗೆ ಯಾರೋ ಬಂದು ಹೆಗಲು ಕೊಟ್ಟಂತಾಗಿ, ಅತ್ತುಬಿಟ್ಟಳು. ದೇವರೇ, ನನ್ನಪ್ಪನ ಕಾಲು ನೋಡಿ ಎದ್ದು ಹೋದವರನ್ನೇ ಕಂಡಿದ್ದೆ... ಆ ಕಾಲಿಗೆ ಜಾಗ ಮಾಡಿದವನನ್ನೂ ತೋರಿಸಿದೆಯಲ್ಲ!

ಕಣ್ಣೊರೆಸಿಕೊಂಡು ಸುತ್ತ ನೋಡಿದಳು. "ನನ್ ಮಣೆ?"

"ಮುಂದಕ್ಕೆ ಜರುಗಿಸಿವ್ನಿ, ನೋಡು. ಹಗ್ಗನೂ ಅಲ್ಲೇ ಅದೆ."

ಮೂವರನ್ನು ಹೊತ್ತು ದೋಣಿ ಹೊರಟಿತು. ಗುಡಾರದ ಬಟ್ಟೆಗೆ ಗಾಳಿ ತುಂಬಿತು. ಆದರೆ ದೋಣಿ ಅಡ್ಡಡ್ಡ ಜಾರುತ್ತಾ ಜೊಂಡಿನ ಕಡೆ ಹೋಗತೊಡಗಿತು! ದಡದಲ್ಲಿ ಬಿಬಿ ಜಾನ್ 'ಯಾ ಅಲ್ಲಾ' ಅಂದರು.

"ಆಳ ಬಂತು, ಹಲಗೆ ಇಳಿಸು!" ಸಿದ್ದರಾಜು ಕೂಗಿದ.

ಹೊಂಬಾಳೆ ಹಗ್ಗ ಸಡಿಲಿಸಿದಳು. ಸರ್ರನೆ ಅದೇ ಸದ್ದು. ಹಲಗೆ ನೀರಿಗಿಳಿಯಿತು. ಜಾರುತ್ತಿದ್ದ ದೋಣಿ ತಡೆದು ನಿಂತು, ಮೂತಿ ಎತ್ತಿ, ಕೆರೆಯ ನಡುವಿಗೆ ನೆಟ್ಟಗೆ ನಡೆಯಿತು.

ನಿಂಗಯ್ಯ ಕಾಲು ಚಾಚಿಕೊಂಡು ತನ್ನದೇ ಕೆರೆಯನ್ನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. "ನನ್ ಕೆರೆ ಇಷ್ಟು ದೊಡ್ಡದಾ!" ಅಂದ. ಆಮೇಲೆ ಬೇಕೆಂದೇ ಆಚೆ ದಡದ ಕಡೆ ಮುಖ ತಿರುಗಿಸಿಕೊಂಡ.

ಸಿದ್ದರಾಜು ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು ಇನ್ನೊಂದನ್ನು ಚಾಚಿದ. ಹೊಂಬಾಳೆ ಹಗ್ಗ ಕಟ್ಟಿ, ಅವನ ಹತ್ತಿರ ಸರಿದು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಡುನೀರಲ್ಲಿ ಬುಟ್ಬುಟ್ಟೀಯಾ ಆಮೇಲೆ?" ಅಂದ ಅವನು.

"ಏನಂದ್ರಿ?"

"ಅವತ್ತು ಏರಿ ಮೇಲಿಂದ ಬೈದಿದ್ಯಲ್ಲ, ಅಂಗೇ ಬೈದು ಹೇಳು."

ಅವಳು ಅಪ್ಪನ ಬೆನ್ನು ನೋಡಿದಳು. ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಅವನಿಗಷ್ಟೇ ಕೇಳುವಂತೆ ಬಗ್ಗಿ ಅಂದಳು.

"ಬುಡಕಿಲ್ಲ ಕಣ್ಲಾ!"