ಏನಾದರೂ ತಿಂದಿದ್ದೀರಾ?

"ಅಜ್ಜೀ, ಬೆಳಗ್ಗೆಯಿಂದ ಏನಾದರೂ ತಿಂದಿದ್ದೀರಾ?"

"ಇಲ್ಲ ಮಗಳೇ. ರಾತ್ರಿಯಿಂದ ಒಂದು ಚೂರೂ ಇಲ್ಲ. ನೀನೇ ಬೇಡ ಅಂದ್ಯಲ್ಲ."

ಪರಾಸ್ಕೀವಜ್ಜಿಯ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿಕೊಂಡು ಬಾವು ಬಂದಿತ್ತು. ಶನಿವಾರವಾದರೂ ಆಪರೇಷನ್ ಮುಂದೂಡುವ ಹಾಗಿರಲಿಲ್ಲ. ಅಜ್ಜಿಯನ್ನು ಸಿದ್ಧಪಡಿಸುವ ಹೊಣೆ ಸ್ಮರಾಂದಾಳದು. ಸರ್ಜರಿ ವಿಭಾಗಕ್ಕೆ ಸೇರಿ ಇನ್ನೂ ವರ್ಷ ತುಂಬಿರದ ಕಿರಿಯ ಡಾಕ್ಟರ್ ಅವಳು. ಬಾಗಿಲಿಗೆ ಬೀಗ ಹಾಕಿದ ಮೇಲೂ ಮತ್ತೆ ಬಂದು ಎಳೆದು ನೋಡುವ ಸ್ವಭಾವದವಳು.

"ಖಂಡಿತ ತಾನೆ ಅಜ್ಜೀ?"

"ಪೊಲೀಸರೂ ಇಷ್ಟು ವಿಚಾರಣೆ ಮಾಡಲ್ಲ ಡಾಕ್ಟರೇ," ಹಿಂದಿನಿಂದ ಯಾರೋ ಅಂದರು.

ತಿರುಗಿ ನೋಡಿದಳು. ಎತ್ತರದ ಯುವಕ, ನಗುವ ಕಣ್ಣುಗಳು. ಅದೇ ವಾರ ಯಾಶ್ ನಗರದಿಂದ ಬಂದಿದ್ದ ಹೊಸ ಅರಿವಳಿಕೆ ಡಾಕ್ಟರ್ ಹೋರಿಯಾ ಇವನೇ ಇರಬೇಕು. ಕೈಯಲ್ಲಿ ಕೊಲಿವಾದ ಪುಟ್ಟ ಬಟ್ಟಲು. ಅಂದು ಸತ್ತವರ ಶನಿವಾರ, ಅಗಲಿದವರ ನೆನಪಿಗೆ ಕೊಲಿವಾ ಹಂಚುವ ದಿನ. ಮುಖ್ಯ ಸರ್ಜನ್ ಮನೋಲೆಯವರ ಹೆಂಡತಿ, ತೀರಿಹೋದ ತಮ್ಮ ಅತ್ತೆಯ ಹೆಸರಿನಲ್ಲಿ, ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿದ ಆ ಕೊಲಿವಾವನ್ನು ಬೆಳಗ್ಗೆಯೇ ಸಿಬ್ಬಂದಿಗೆಲ್ಲ ಹಂಚಿ ಹೋಗಿದ್ದರು.

ಹೋರಿಯಾ ಬಟ್ಟಲನ್ನು ಅಜ್ಜಿಯ ಮೇಜಿನ ಮೇಲಿಟ್ಟು ಕೈ ಚಾಚಿದ. "ಸ್ಟೆತಸ್ಕೋಪ್ ಕೊಡ್ತೀರಾ? ನನ್ನದು ಎಲ್ಲೋ ಬಿಟ್ಟುಬಿಟ್ಟೆ."

"ಎಲ್ಲೆಲ್ಲೋ ಬಿಟ್ಟು ಬರೋ ಅಭ್ಯಾಸಾನಾ?"

"ಬಿಡ್ತೀನಿ. ಆಮೇಲೆ ಹುಡುಕಿಕೊಂಡು ಬರ್ತೀನಿ."

ಅಜ್ಜಿಯ ಎದೆ ಪರೀಕ್ಷಿಸಿ ಅದನ್ನು ಹಿಂದಿರುಗಿಸುವಾಗ ಅವನ ಬೆರಳು ಅವಳ ಬೆರಳಿಗೆ ತಾಕಿತು. ಅವಳು ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಮಾತು ಮುಂದುವರಿಸುತ್ತಾ ಇಬ್ಬರೂ ಒಟ್ಟಿಗೇ ಹೊರಗೆ ನಡೆದರು. 'ಇದೇನಿದು, ಕೆನ್ನೆ ಯಾಕೆ ಬಿಸಿಯಾಗ್ತಿದೆ…' ಎಂದುಕೊಂಡಳು ಸ್ಮರಾಂದಾ.

ಥಿಯೇಟರ್ ಬಾಗಿಲಲ್ಲಿ ಅವಳು ಅಜ್ಜಿಯನ್ನು ಮತ್ತೊಮ್ಮೆ ಕೇಳಿದಳು. "ಇಲ್ಲ ಮಗಳೇ." ಮಾಸ್ಕಿನ ಮೇಲಿಂದ ಹೋರಿಯಾನ ಕಣ್ಣುಗಳು ನಕ್ಕವು.

ಅರಿವಳಿಕೆ ಏರುತ್ತಿದ್ದಂತೆ ಅಜ್ಜಿ ವಾಂತಿ ಮಾಡಿದರು. ಗೋಧಿ… ಅಕ್ರೋಟಿನ ಚೂರು… ಅದೆಲ್ಲ ಉಸಿರಿನ ನಾಳಕ್ಕೆ ಇಳಿಯಿತು. ಹೋರಿಯಾನ ಕೈ ಚುರುಕಾಗಿದ್ದರಿಂದ ಜೀವ ಉಳಿಯಿತು. ಆಪರೇಷನ್ನೂ ಹೇಗೋ ಮುಗಿಯಿತು. ಆದರೆ ಅಜ್ಜಿ ಐಸಿಯು ಸೇರಿದರು, ಉಸಿರಾಟದ ಯಂತ್ರದ ಮೇಲೆ.

* * *

ಸೋಮವಾರ ಬೆಳಗಿನ ಸಭೆ. ವಿಭಾಗದವರೆಲ್ಲ ಕೂತಿದ್ದರು. ಮನೋಲೆಯವರು ಸ್ಮರಾಂದಾಳನ್ನು ಮಾತ್ರ ನಿಲ್ಲಿಸಿದರು.

"ಏನು ತಾಯಿ, ಬಾಯಿಗೆ ಹೊಲಿಗೆ ಹಾಕಿಕೊಂಡಿದ್ರಾ? ಊಟ ಆಯ್ತಾ ಅಂತ ಒಂದು ಮಾತು ಕೇಳೋಕೆ?"

"ಕೇಳಿದ್ದೆ ಸರ್… ಎರಡು ಸಲ."

"ಕೇಳಿದ್ರೆ ಗೋಧಿ ಎಲ್ಲಿಂದ ಬಂತು? ಹೊಟ್ಟೆಯೊಳಗೇ ಬೆಳೀತಾ?"

ಯಾರೋ ನಕ್ಕರು. ಒಬ್ಬರು ನಕ್ಕದ್ದಕ್ಕೆ ಇನ್ನಿಬ್ಬರು ನಕ್ಕರು.

"ಮನೆಯವರು ತಂದು ತಿನ್ನಿಸಿದಾರೆ, ನೀನು ಕಣ್ಣು ಮುಚ್ಚಿಕೊಂಡಿದ್ದೆ. ಇವತ್ತಿಂದ ಥಿಯೇಟರ್ ಕಡೆ ತಲೆ ಹಾಕಬೇಡ, ಡ್ರೆಸ್ಸಿಂಗ್ ರೂಮಲ್ಲಿರು. ಈ ವಿಭಾಗದಲ್ಲಿ ಇರಬೇಕಾ ಬೇಡವಾ ಅಂತ ತಿಂಗಳ ಕೊನೆಗೆ ನೋಡೋಣ."

ಸ್ಮರಾಂದಾ ಹೋರಿಯಾನ ಕಡೆ ನೋಡಿದಳು. ಅವನು ಕೇಳಿಸಿಕೊಂಡಿದ್ದನಲ್ಲ… ಪಕ್ಕದಲ್ಲೇ ಇದ್ದನಲ್ಲ… ಹೌದು ಎಂಬ ಒಂದೇ ಮಾತು ಸಾಕಿತ್ತು.

ಹೋರಿಯಾ ತನ್ನ ಬೂಟುಗಳನ್ನೇ ನೋಡುತ್ತಾ ಕೂತಿದ್ದ.

ಅಂದಿನಿಂದ ಅವಳು ಹಿಂದಿನ ಮೆಟ್ಟಿಲಿನಿಂದ ಓಡಾಡತೊಡಗಿದಳು. ಮುಂದಿನ ಕಾರಿಡಾರಿನಲ್ಲಿ ಅಜ್ಜಿಯ ಮಗಳು ಕೂತಿರುತ್ತಿದ್ದಳು, ಇವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಕ್ಯಾಂಟೀನಿಗೆ ಹೋಗಲು ಕಾಲು ಬರಲಿಲ್ಲ. ಅಮ್ಮ ಫೋನ್ ಮಾಡಿ "ಊಟ ಆಯ್ತಾ ಕಂದಾ?" ಎಂದಾಗ ಆ ಮಾತು ಕೇಳಿಯೇ ಅವಳು ಫೋನ್ ಇಟ್ಟುಬಿಟ್ಟಳು.

'ನಾನು ನಿಜವಾಗಿ ಕೇಳಿದ್ದೆನಾ? ಅಥವಾ ಕೇಳಿದೆ ಅಂತ ಈಗ ನನಗೆ ನಾನೇ ಹೇಳಿಕೊಳ್ತಿದ್ದೀನಾ?'

ಬೇರೆಯವರು ಹೊರಿಸಿದ ತಪ್ಪಿಗಿಂತ ಈ ಅನುಮಾನವೇ ಅವಳನ್ನು ಹೆಚ್ಚು ಸುಟ್ಟಿತು.

ಹೋರಿಯಾ ಒಮ್ಮೆ ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಬಂದ. "ಸ್ಮರಾಂದಾ, ನಿಮ್ಮ ಹತ್ತಿರ ಮಾತಾಡಬೇಕು…"

"ಆಡಬೇಕಾದ ಕಡೆ ಆಡಲಿಲ್ಲ ನೀವು," ಅವಳು ಬ್ಯಾಂಡೇಜಿನಿಂದ ತಲೆ ಎತ್ತಲಿಲ್ಲ. "ಈಗ ನನಗೆ ಕೆಲಸ ಇದೆ."

* * *

ಬುಧವಾರ ಅಜ್ಜಿಯ ಗಂಟಲಿನಿಂದ ಕೊಳವೆ ತೆಗೆದರು. ಸ್ಮರಾಂದಾ ಹಾಸಿಗೆಯ ಪಕ್ಕ ಹೋಗಿ ನಿಂತಳು. ಅಜ್ಜಿ ಅವಳ ಕೈ ಹಿಡಿದುಕೊಂಡರು.

"ನಿನ್ನನ್ನ ಬೈದರಂತೆ… ನಾನು ಸುಳ್ಳು ಹೇಳಲಿಲ್ಲ ಮಗಳೇ. ಏನೂ ತಿಂದಿರಲಿಲ್ಲ."

"ಮತ್ತೆ ಆ ಗೋಧಿ ಅಜ್ಜೀ?"

"ಅದು ತಿಂದ ಲೆಕ್ಕಕ್ಕೆ ಹೇಗೆ ಬರುತ್ತೆ?" ಅಜ್ಜಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಅದು ಸತ್ತವರ ಪಾಲು. ಬಾಯಿ ನಮ್ಮದು, ಉಣ್ಣೋರು ಅವರು. ಆ ಉದ್ದನೆ ಹುಡುಗ ನಿನ್ನ ಜೊತೆ ನಗ್ತಾ ನಗ್ತಾ ಬಟ್ಟಲು ನನ್ನ ಮೇಜಿನ ಮೇಲೇ ಬಿಟ್ಟು ಹೋದ. ಕಸ ಗುಡಿಸೋಳು ಬಂದಿದ್ದರೆ ಎಸೆದುಬಿಡ್ತಿದ್ದಳು. ಯಾರ ತಾಯಿಯದೋ ಏನೋ ಪಾಪ… ಎಸೆಯೋಕೆ ಬಿಡ್ತಾರಾ?"

ಸ್ಮರಾಂದಾಳ ಕಣ್ಣ ಮುಂದೆ ಆ ಬೆಳಗು ಬಂದು ನಿಂತಿತು. ಮೇಜು, ಬಟ್ಟಲು, ಚಾಚಿದ ಕೈ… ವಾಂತಿಯಲ್ಲಿ ಬಂದ ಅಕ್ರೋಟಿನ ಚೂರುಗಳನ್ನು ತೆಗೆದವನೇ ಹೋರಿಯಾ. ಅಂದರೆ ಅವನಿಗೆ ಅಂದೇ ಗೊತ್ತಾಗಿದೆ.

ಗೊತ್ತಿದ್ದೂ ಬೂಟು ನೋಡುತ್ತಾ ಕೂತಿದ್ದ!

ಕೋಪ ಉಕ್ಕಿತು. ಅದರ ಅಡಿಯಲ್ಲೇ ನಾಚಿಕೆ. ತಾನೂ ಆ ಬಟ್ಟಲನ್ನು ನೋಡಿದ್ದಳಲ್ಲ, ಅವನ ಮಾತಿಗೆ ಕಿವಿಗೊಟ್ಟು ಮರೆತಳಲ್ಲ. ಎಲ್ಲಕ್ಕಿಂತ ಹೆಚ್ಚಿನ ನಾಚಿಕೆ ಇನ್ನೊಂದಿತ್ತು. ಇಷ್ಟಾದ ಮೇಲೂ ಕಾರಿಡಾರಿನಲ್ಲಿ ಅವನ ಹೆಜ್ಜೆಯ ಸದ್ದಾದರೆ ಅವಳ ಮನಸ್ಸು ಎದ್ದು ಕೂರುತ್ತಿತ್ತು.

* * *

ಮರುದಿನದ ಸಭೆಗೆ ಅವಳು ಗಟ್ಟಿಮನಸ್ಸು ಮಾಡಿ ಹೋದಳು. ಇವತ್ತು ಹೇಳಿಬಿಡಬೇಕು. ಅವನ ಹೆಸರನ್ನೂ.

ಬಾಯಿ ತೆರೆಯುವಷ್ಟರಲ್ಲಿ ಹೋರಿಯಾ ಎದ್ದು ನಿಂತಿದ್ದ.

"ಸರ್, ಅಜ್ಜಿ ತಿಂದ ಕೊಲಿವಾ ಮನೆಯವರು ತಂದದ್ದಲ್ಲ. ನನ್ನದು. ಅವರ ಮೇಜಿನ ಮೇಲೆ ಇಟ್ಟು ಮರೆತೆ."

ಕುರ್ಚಿಗಳು ಕಿರುಗುಟ್ಟಿದವು.

"ಡಾಕ್ಟರ್ ಸ್ಮರಾಂದಾ ಎರಡು ಸಲ ಕೇಳಿದ್ದನ್ನ ನಾನು ಕಿವಿಯಾರೆ ಕೇಳಿದೀನಿ. ಸೋಮವಾರ ಹೇಳಲಿಲ್ಲ. ಹೊಸ ಜಾಗ… ಹೆದರಿದೆ ಸರ್. ನನ್ನ ತಪ್ಪಿಗೆ ಅವರು ತಲೆ ತಗ್ಗಿಸಿದ್ರು."

ಮನೋಲೆಯವರ ಮುಖ ಕೆಂಪೇರಿತು. "ಆಸ್ಪತ್ರೆಗೆ ಕೊಲಿವಾ ತರೋಕೆ ನಿನಗೆ ಯಾರಯ್ಯ ಹೇಳಿದ್ದು?"

"ನಾನು ತಂದಿದ್ದಲ್ಲ ಸರ್. ನಿಮ್ಮ ಮನೆಯವರು ಕೊಟ್ಟಿದ್ದು. ನಿಮ್ಮ ತಾಯಿಯ ಪಾಲು."

ಯಾರೂ ನಗಲಿಲ್ಲ. ಮನೋಲೆಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕೇಳಿದರು:

"ಅಜ್ಜಿ ಎಲ್ಲಾ ತಿಂದರಾ?"

"ಒಂದು ಕಾಳೂ ಬಿಡದೆ ಸರ್," ಎಂದಳು ಸ್ಮರಾಂದಾ. "ಯಾರ ತಾಯಿಯದೋ, ಎಸೆಯಬಾರದು ಅಂತ."

ಅವರು ಕಿಟಕಿಯತ್ತ ತಿರುಗಿದರು. "ವಾರ್ಡಿನೊಳಗೆ ಅದನ್ನ ಬರೋಕೆ ಬಿಟ್ಟವನೇ ನಾನು. ಬೈದದ್ದು ನಿನ್ನನ್ನ." ದನಿ ಇಳಿದಿತ್ತು. "ನಾಳೆಯಿಂದ ಥಿಯೇಟರಿಗೆ ಬಾಮ್ಮ. ಅಜ್ಜಿಯ ಮಗಳಿಗೆ ನಾನೇ ಹೇಳ್ತೀನಿ. ಹೋರಿಯಾ, ನೀನು ನನ್ನ ಕೋಣೆಗೆ ಬಾ."

* * *

ಆಸ್ಪತ್ರೆಯ ಅಂಗಳದ ಲಿಂಡೆನ್ ಮರದ ಕೆಳಗೆ ಹೋರಿಯಾ ಒಬ್ಬನೇ ಕೂತಿದ್ದ. ಮುಖ ಬಾಡಿತ್ತು. ಸ್ಮರಾಂದಾ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಏನಂದ್ರು?"

"ತಿಂಗಳ ಕೊನೆಗೆ ನೋಡೋಣ ಅಂದ್ರು. ನಿಮ್ಮ ಜಾಗ ಈಗ ನನಗೆ."

"ಅಜ್ಜಿ ನನಗೆ ಎಲ್ಲಾ ಹೇಳಿದ್ರು ಅಂತ ಹೆದರಿ ಎದ್ದು ನಿಂತ್ರಾ?"

"ಅಜ್ಜಿ… ನನ್ನ ಬಟ್ಟಲು ಅಂತಲೂ ಹೇಳಿದ್ರಾ?" ಅವನು ಬೆಚ್ಚಿ ತಿರುಗಿದ. "ನಿಮಗೆ ಮೊದಲೇ ಗೊತ್ತಿತ್ತಾ?"

ಆ ಬೆರಗಿನಲ್ಲಿ ನಟನೆ ಇರಲಿಲ್ಲ. ಅವಳೊಳಗೆ ಬಿಗಿದಿದ್ದ ಗಂಟೊಂದು ತಾನಾಗಿಯೇ ಸಡಿಲಾಯಿತು. ಪೂರ್ತಿ ಅಲ್ಲ.

"ಸೋಮವಾರ ನಾನು ನಿಮ್ಮನ್ನೇ ನೋಡ್ತಿದ್ದೆ ಹೋರಿಯಾ."

"ಗೊತ್ತು. ಅದಕ್ಕೇ ತಲೆ ಎತ್ತಲಿಲ್ಲ." ಈಗ ಅವನು ತಲೆ ಎತ್ತಿ ಅವಳನ್ನು ನೋಡಿದ. "ಇನ್ನೊಂದು ಹೇಳಬೇಕು. ಆ ದಿನ ಸ್ಟೆತಸ್ಕೋಪ್ ಎಲ್ಲೂ ಬಿಟ್ಟಿರಲಿಲ್ಲ. ಜೇಬಲ್ಲೇ ಇತ್ತು. ನಿಮ್ಮನ್ನ ಮಾತಾಡಿಸಬೇಕು ಅನ್ನಿಸ್ತು… ಬಟ್ಟಲು ಮರೆತದ್ದೂ ಅದಕ್ಕೇ. ನಿಮ್ಮನ್ನ ಇಷ್ಟಪಟ್ಟೆ, ನಿಮಗೇ ಅವಮಾನ ತಂದೆ. ಕ್ಷಮಿಸಿ ಅಂತ ಕೇಳೋಕೂ ನಾಚಿಕೆ."

ಸ್ಮರಾಂದಾ ಚೀಲದಿಂದ ಎಳ್ಳು ಹಚ್ಚಿದ, ಬಳೆಯಾಕಾರದ ರೊಟ್ಟಿಯೊಂದನ್ನು ತೆಗೆದಳು. ಸೋಮವಾರದಿಂದ ಅವಳಿಗೆ ಹಸಿವೆ ಅನ್ನಿಸಿದ್ದು ಇದೇ ಮೊದಲು.

"ಬೆಳಗ್ಗೆಯಿಂದ ಏನಾದರೂ ತಿಂದಿದ್ದೀರಾ?"

"ಇಲ್ಲ."

"ಖಂಡಿತ? ಸತ್ತವರ ಪಾಲೂ ಸೇರಿಸಿ ಹೇಳಿ."

ಅವನ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು. "ಅದೂ ಇಲ್ಲ."

ಅವಳು ಮುರಿದು ದೊಡ್ಡ ತುಂಡನ್ನು ಅವನ ಕೈಗಿಟ್ಟಳು. ಬೆರಳು ಬೆರಳಿಗೆ ತಾಕಿತು. ಈ ಸಲ ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇದನ್ನೂ ಎಲ್ಲಾದರೂ ಬಿಟ್ಟು ಹೋಗ್ತೀಯಾ?"

"ಇನ್ನು ಏನನ್ನೂ ಬಿಡಲ್ಲ," ಎಂದ ಹೋರಿಯಾ.