ಒಗ್ಗರಣೆ ಇಲ್ಲದ ಮಂಡಕ್ಕಿ

ಶನಿವಾರ ಬೆಳಿಗ್ಗೆ ಹಾಲೇಶಪ್ಪ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಕೀಲಿಕೈ ಇತ್ತು. ಬಾಗಿಲಲ್ಲಿ ಬೀಗ ಇರಲಿಲ್ಲ. ಅದು ಎರಡು ತುಂಡಾಗಿ ಹೊಸಿಲ ಮೇಲೆ ಬಿದ್ದಿತ್ತು.

ಒಳಗೆ ನುಗ್ಗಿದ. ಹಳೆಯ ಫಿಯಟ್ ಕಾರು ನಿಂತಲ್ಲೇ ನಿಂತಿತ್ತು. ಬಾನೆಟ್ ತೆರೆದಿತ್ತು. ನಿನ್ನೆಯವರೆಗೆ ಇಂಜಿನ್ ಪಕ್ಕದಲ್ಲಿ ಕುಂಬಳಕಾಯಿಯಂತೆ ಕೂತಿದ್ದ ದೊಡ್ಡ ಟರ್ಬೊ ಮಾಯವಾಗಿತ್ತು.

"ಪಾಷಣ್ಣಾ! ಹೋತು! ಎಲ್ಲಾ ಹೋತು!"

ದಾವಣಗೆರೆಯ ನಿಟ್ಟುವಳ್ಳಿಯ ಆ ಓಣಿಗೆ ಓಣಿಯೇ ಎದ್ದು ಬಂತು. ಪಕ್ಕದ ಮನೆಯಿಂದ ಗ್ಯಾರೇಜಿನ ಮಾಲೀಕ ಚಾಂದ್ ಪಾಷಾ ಬಾಯಲ್ಲಿ ಹಲ್ಲುಪುಡಿಯ ನೊರೆ ಇಟ್ಟುಕೊಂಡೇ ಬಂದ. ಹಿಂದೆಯೇ ಅವನ ಹೆಂಡತಿ ರಶೀದಾ.

ಅದು ಎಂಬತ್ತಾರರ ಬೇಸಿಗೆ. ಮರುದಿನ ಹರಿಹರದ ಹೊಳೆದಂಡೆಯ ಬಯಲಲ್ಲಿ ಅಡ್ಡಜಾರು ಪಂದ್ಯ. ಡ್ರಮ್ಮುಗಳ ಸುತ್ತ ಗಾಡಿಯನ್ನು ನೇರ ಓಡಿಸುವಂತಿಲ್ಲ. ಹಿಂದಿನ ಚಕ್ರಗಳನ್ನು ಜಾರಿಸುತ್ತ, ಮಣ್ಣೆಬ್ಬಿಸುತ್ತ, ಅಡ್ಡಡ್ಡ ತಿರುಗಿಸಬೇಕು. ಹರಿಹರದ ಗ್ಯಾರೇಜಿನ ಸೂರಪ್ಪನದು ಜೀಪು, ಚಾಂದ್ ಪಾಷಾನದು ಈ ಫಿಯಟ್. ಇಬ್ಬರ ನಡುವೆ ಪಣ. ಸೋತವನು ತನ್ನ ಗ್ಯಾರೇಜಿನ ಬೋರ್ಡು ಇಳಿಸಿ ಗೆದ್ದವನ ಕೈಗೆ ಕೊಡಬೇಕು. 'ಚಾಂದ್ ಮೋಟಾರ್ ವರ್ಕ್ಸ್' ಎಂಬ ಬೋರ್ಡನ್ನು ಚಾಂದ್ ಪಾಷಾ ದಿನಾ ಬೆಳಿಗ್ಗೆ ಏಣಿ ಹತ್ತಿ ತಾನೇ ಒರೆಸುತ್ತಿದ್ದ. ಅದು ಹೋದರೆ ಮನುಷ್ಯ ಊಟ ಬಿಡುತ್ತಾನೆಂದು ಓಣಿಗೆಲ್ಲ ಗೊತ್ತು.

ಹಾಲೇಶಪ್ಪ ಸೈಕಲ್ ಹತ್ತಿ ಪೊಲೀಸ್ ಸ್ಟೇಷನ್ನಿಗೆ ಹೊರಟ.

"ಏ ಹಾಲೇಶಿ, ಪೊಲೀಸ್ ಗಿಲೀಸ್ ಬ್ಯಾಡೋ!" ಎಂದು ಚಾಂದ್ ಪಾಷಾ ಕೂಗಿದ. ಸೈಕಲ್ ಆಗಲೇ ತಿರುವು ದಾಟಿತ್ತು.

*

ಸಬ್ ಇನ್ಸ್‌ಪೆಕ್ಟರ್ ಕರಿಬಸವರಾಜ ತಿಂಡಿಪೋತ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಈ ಕೇಸು ಬಗೆಹರಿದದ್ದೇ ಅವನ ನಾಲಗೆಯಿಂದ.

ಅವನು ಕಾನ್‌ಸ್ಟೇಬಲ್ ಗುತ್ತೆಪ್ಪನೊಂದಿಗೆ ಬಂದ. ಬೀಗ ನೋಡಿದ. ಗರಗಸದಲ್ಲಿ ಕೊಯ್ದ ಬೀಗ. ಕಾರಿನ ಸುತ್ತ ಒಂದು ಸುತ್ತು ಹಾಕಿದ.

"ಏನಿದು ಟರ್ಬೊ? ನನಗೆ ಅರ್ಥ ಆಗೋ ಹಂಗೆ ಹೇಳ್ರಿ."

ಹಾಲೇಶಪ್ಪ ಲೇತ್ ಕೆಲಸದವನು, ಚಾಂದ್ ಪಾಷಾನ ಪಾಲುದಾರ. ಅಳುವ ದನಿಯಲ್ಲೇ ಹೇಳಿದ. "ಇಂಜಿನ್ ಬಿಡೋ ಹೊಗೆಯಿಂದ್ಲೇ ಗಿರಗಿರ ತಿರುಗಿ, ಇಂಜಿನ್ನಿಗೆ ಗಾಳಿ ತುರುಕ್ತೈತ್ರಿ. ಗಾಳಿ ಜಾಸ್ತಿ ಆದ್ರೆ ಶಕ್ತಿ ಜಾಸ್ತಿ. ನಮ್ಮ ಹತ್ರ ಎರಡಿದ್ವು. ದೊಡ್ಡದು ಬುಲ್ಡೋಜರಿಂದು, ಗುಜರೀಲಿ ಸಿಕ್ಕಿದ್ದು. ಸಣ್ಣದು ಬಾಂಬೇದು, ಒಡೆದ ಫಾರಿನ್ ಕಾರಿಂದು. ಅಲ್ಲಿ ಕಪಾಟಿನಾಗೆ ಐತೆ ನೋಡ್ರಿ. ಕಳ್ಳ ಅದನ್ನ ಮುಟ್ಟಿಲ್ಲ."

"ಈ ಡ್ರಮ್ಮಲ್ಲಿ?"

"ಸ್ಪಿರಿಟ್ರಿ. ಬಡಿಗೇರು ಪಾಲಿಶ್‌ಗೆ ಹಾಕ್ತಾರಲ್ಲ, ಅದು. ದೊಡ್ಡ ಟರ್ಬೊಕ್ಕೆ ಪೆಟ್ರೋಲ್ ಆಗಿಬರಲ್ಲ. ಅಷ್ಟು ಗಾಳಿ ತುರುಕಿದ್ರೆ ಇಂಜಿನ್ ಟಕಟಕ ಬಡ್ಕೊಂಡು ಪಿಸ್ಟನ್ ತೂತು ಬೀಳ್ತೈತೆ. ಸ್ಪಿರಿಟ್ ತಣ್ಣಗೆ ಉರೀತೈತೆ, ತಡ್ಕೊಂತೈತೆ. ಆದ್ರೆ ಕುಡಿಯೋದು ಪೆಟ್ರೋಲಿನ ಎರಡರಷ್ಟು. ಅದಕ್ಕೇ ಕಾರ್ಬೊರೇಟರಿನಾಗೆ ಎಣ್ಣೆ ಬಿಡೋ ಜೆಟ್ಟಿನ ತೂತು ನಾನೇ ದೊಡ್ಡದು ಮಾಡಿ ಹಾಕಿದ್ದೆ."

"ತೋರಿಸು."

ಹಾಲೇಶಪ್ಪ ಜೆಟ್ ಬಿಚ್ಚಿದ. ಬೆಳಕಿಗೆ ಹಿಡಿದ. ಅವನ ಬಾಯಿ ತೆರೆದೇ ಉಳಿಯಿತು.

"ಇದು ಪೆಟ್ರೋಲ್ ಜೆಟ್! ಇದನ್ಯಾರು ಹಾಕಿದ್ರು?"

"ಕಳ್ಳನೇ ಹಾಕಿರಬೇಕು ಬಿಡು," ಎಂದ ಚಾಂದ್ ಪಾಷಾ ಅವಸರವಾಗಿ. "ಸಾಹೇಬ್ರೆ, ಹೋಗಿದ್ದು ಹೋತು. ನಾಳೆ ಪಂದ್ಯ. ಸಣ್ಣದನ್ನೇ ಹಾಕ್ಕೊಂಡು, ಪೆಟ್ರೋಲ್ ಸುರ್ಕೊಂಡು ಹೋಗ್ತೀನಿ. ಕಳುವಾದ ಮ್ಯಾಲೆ ಸಣ್ಣದು ಹಾಕಿದ್ರೆ ಮಾತು ತಪ್ಪಿದಂಗಲ್ಲ, ಹೌದಲ್ರಿ?"

"ಯಾವ ಮಾತು?"

ರಶೀದಾ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ನಾನು ಹೇಳ್ತೀನ್ರಿ. ಸಣ್ಣದೇ ಹಾಕ್ರಿ ಅಂದಿದ್ದೆ. ನಮ್ಮ ತವರ್ನೋರದು ಮಂಡಕ್ಕಿ ಭಟ್ಟಿ, ಇಲ್ಲೇ ಹಿಂದೆ. ನಮ್ಮಪ್ಪ ಒಂದ್ಸಲ ಒಲೆಗೆ ಊದೋ ದೊಡ್ಡ ಗಾಳಿ ಮಿಷಿನ್ ತಂದಿದ್ದ. ಅದು ಜೋರು ಹಿಡಿಯೋ ಹೊತ್ತಿಗೆ ಹುರಿಯೋ ಮರಳು ತಣ್ಣಗಾಗ್ತಿತ್ತು. ಜೋರು ಹಿಡೀತು ಅಂದ್ರೆ ಮಂಡಕ್ಕಿ ಕರಕಲು. ಇದೂ ಹಂಗೇ ಅಂದೆ. ಇವರಿಗೆ ಸಿಟ್ಟು ಬಂತು. ಓಣಿ ಮಂದಿ ಎದುರಿಗೆ, 'ಮಂಡಕ್ಕಿ ಹುರಿಯೋರಿಗೆ ಇಂಜಿನ್ ಏನ್ ತಿಳೀತೈತೆ? ನಾನಾಗಿ ಸಣ್ಣದು ಹಾಕಿದ್ರೆ ಮೀಸೆ ಬೋಳಿಸ್ತೀನಿ' ಅಂದ್ರು."

ಎಲ್ಲರೂ ಆ ಮೀಸೆ ನೋಡಿದರು. ದಪ್ಪ, ಕಪ್ಪು, ತುದಿಯಲ್ಲಿ ತಿರುವಿದ ಮೀಸೆ. ಅದನ್ನು ಬೋಳಿಸುವುದು ಸಣ್ಣ ಮಾತಲ್ಲ.

"ದೊಡ್ಡದನ್ನ ಹಾಕಿ ಓಡಿಸಿ ನೋಡಿದ್ರೇನ್ರಿ?" ಕರಿಬಸವರಾಜ ಕೇಳಿದ.

"ಇಲ್ರಿ. ಟ್ರಯಲ್ ಗಿಯಲ್ ಏನೂ ಇಲ್ಲ. ಗಾಡಿ ಹೊರಗೇ ಹೋಗಿಲ್ಲ," ಎಂದ ಚಾಂದ್ ಪಾಷಾ.

ಕರಿಬಸವರಾಜ ಬಗ್ಗಿದ. ಕಾರಿನ ಬಂಪರಿಗೆ ಏನೋ ಸಿಕ್ಕಿಕೊಂಡಿತ್ತು. ಹರಿದ ಬನಿಯನ್ ಚೂರು, ಅಂಚಿನಲ್ಲಿ ಇಂಕಿನಲ್ಲಿ ಬರೆದ ಒಂದು ಅಂಕಿ. ಅದನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಕೆಲಸದ ಮೇಜಿನ ಕೆಳಗೆ ಕೈಹಾಕಿದ. ಒಂದು ಹಿಡಿ ಮಂಡಕ್ಕಿ ಬಂತು.

ಗುತ್ತೆಪ್ಪ ನಕ್ಕ. "ದಾವಣಗೆರೆಯಾಗೆ ಮಂಡಕ್ಕಿ ಸಿಕ್ಕಿದ್ದೂ ಒಂದು ಸುಳಿವೇನ್ರಿ ಸರ್?"

ಕರಿಬಸವರಾಜ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. ಮುಖ ಹುಳ್ಳಗೆ ಮಾಡಿ ಉಗಿದ.

"ಒಗ್ಗರಣೆ ಇಲ್ಲ. ಖಾರ ಇಲ್ಲ. ಈರುಳ್ಳಿ ವಾಸನೆ ಕೂಡ ಇಲ್ಲ. ಈ ಊರಲ್ಲಿ ಯಾವ ಪ್ರಾಣಿ ಇದನ್ನ ಹಿಂಗೇ ತಿಂತದೆ? ಇದು ಪೊಟ್ಟಣದಿಂದ ಬಿದ್ದಿದ್ದಲ್ಲ, ಚೀಲದಿಂದ ಬಿದ್ದಿದ್ದು." ಇನ್ನೊಮ್ಮೆ ಉಗಿದ. "ಅದೂ ಅಲ್ದೆ, ಮೇಲೆ ಕಬ್ಬಿಣದ ಪುಡಿ ಉದುರಿದೆ."

*

ಹರಿಹರದಲ್ಲಿ ಸೂರಪ್ಪ ಜೀಪಿನ ಕೆಳಗೆ ಮಲಗಿದ್ದ. ಜೀಪಿನ ಹಿಂಭಾಗದಲ್ಲಿ ಗೋಣಿಚೀಲ. ಗುತ್ತೆಪ್ಪ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ.

"ಸಿಕ್ತು ಸರ್! ಭಾರ ಐತೆ!"

ಬಿಚ್ಚಿದರೆ ಹೊಳೆ ಮರಳು. ಗಾಡಿ ನೆಲ ಹಿಡಿಯಲೆಂದು ಸೂರಪ್ಪ ಹಾಕಿದ್ದ ತೂಕ. ಅವನು ಕೆಳಗಿನಿಂದ ಹೊರಬಂದು ಹೊಟ್ಟೆ ಹಿಡಿದು ನಕ್ಕ.

"ನಾನ್ಯಾಕ ಕದೀಲ್ರಿ? ಪಾಷಾ ದೊಡ್ಡದು ಹಾಕ್ಕೊಂಡು ಬರ್ಲಿ ಅಂತ ನಾನು ದೇವ್ರಿಗೆ ಕಾಯಿ ಒಡೆಸಿದೀನಿ. ಅದು ಎದ್ದೇಳೋ ಹೊತ್ತಿಗೆ ನನ್ನ ಜೀಪು ಒಂದು ಸುತ್ತು ಮುಗಿಸಿರ್ತೈತೆ. ಯಾವನ್ರೀ ಅವನು, ನನ್ನ ಹೊಟ್ಟೆ ಮೇಲೆ ಹೊಡೆದೋನು?"

ವಾಪಸು ಬರುವಾಗ ಕರಿಬಸವರಾಜ ಬುಲೆಟ್ಟನ್ನು ವಿದ್ಯಾನಗರದ ಕಡೆ ತಿರುಗಿಸಿದ. ಬನಿಯನ್ನಿಗೆ ರೂಮ್ ನಂಬರ್ ಬರೆಯುವವರು ಹಾಸ್ಟೆಲ್ ಹುಡುಗರು ಬಿಟ್ಟರೆ ಬೇರೆ ಯಾರು? ಎರಡನೇ ಹಾಸ್ಟೆಲ್ಲಿನಲ್ಲೇ ಬನಿಯನ್ನಿನ ಒಡೆಯ ಸಿಕ್ಕಿದ.

"ನಿನ್ನೆ ಸಂಜೆ ಸರ್, ಹಿಂದಿನ ಬಯಲಲ್ಲಿ. ಕಾರಲ್ಲಿ ಒಬ್ಬರೇ ಇದ್ರು. ತಿರುವಲ್ಲಿ ಆಕ್ಸಿಲರೇಟರ್ ಒತ್ತಿದ್ರು, ಕಾರು ಮಲಗಿದ ಎಮ್ಮೆ ಹಂಗೆ ಅಲ್ಲಾಡ್ಲೇ ಇಲ್ಲ. ಆಮೇಲೆ ಒಮ್ಮೆಲೇ ಹಾರ್ತು ನೋಡಿ! ನಮ್ಮ ಬಟ್ಟೆ ಹಗ್ಗ, ಬನಿಯನ್, ವಾರ್ಡನ್ನರ ಪಂಚೆ, ಎಲ್ಲ ಹೊತ್ಕೊಂಡು ಜೋಳದ ಹೊಲಕ್ಕೆ ಹೋಯ್ತು. ಇಳಿದು ತುಂಬಾ ಹೊತ್ತು ತಲೆ ಮೇಲೆ ಕೈಹೊತ್ತು ಕೂತಿದ್ರು, ಪಾಪ."

"ಮೀಸೆ ಇತ್ತಾ?"

"ಮೀಸೆನೇ ಮೊದಲು ಕಂಡಿದ್ದು ಸರ್!"

*

ಭಾನುವಾರ ಹೊಳೆದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದಾವಣಗೆರೆಯಿಂದ ಬಸ್ಸಿನ ಮೇಲೆ ಕೂತು ಬಂದವರು, ಕಡರನಾಯಕನಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬಂದವರು. ಮಿರ್ಚಿ ಕರಿಯುವ ಕೆಂಚವ್ವನ ಬಾಣಲೆ ಎದುರು ಪಂದ್ಯಕ್ಕಿಂತ ದೊಡ್ಡ ಗುಂಪು.

ಕರಿಬಸವರಾಜ ಬೆಳಿಗ್ಗೆಯೇ ರಶೀದಾಳ ತವರಿನ ಭಟ್ಟಿಗೆ ಹೋಗಿದ್ದ. ಗೋದಾಮು ಖಾಲಿ. ಜಾತ್ರೆಯಷ್ಟು ಜನ ಸೇರುತ್ತಾರೆಂದು ಚೀಲಗಳನ್ನೆಲ್ಲ ಅವಳ ಅಣ್ಣಂದಿರು ಕೆಂಚವ್ವನಿಗೆ ಸಾಗಿಸಿದ್ದರು. ಈಗ ಅವನು ಕೆಂಚವ್ವನ ಹಿಂದೆ ನಿಂತು ಚೀಲಗಳನ್ನು ಒಂದೊಂದಾಗಿ ಒಂದೇ ಕೈಯಲ್ಲಿ ಎತ್ತುತ್ತಿದ್ದ. ಮಂಡಕ್ಕಿ ಚೀಲ ಆಳೆತ್ತರ ಇದ್ದರೂ ಭಾರವಿಲ್ಲ. ಕೊನೆಗೊಂದು ಚೀಲ ಮೇಲೇಳಲಿಲ್ಲ. ಅವನು ಅದರ ಮೇಲೇ ಕೂತು ಮಿರ್ಚಿ ತರಿಸಿಕೊಂಡ.

"ಬಿಚ್ಚಿ ನೋಡೋಣೇನ್ರಿ ಸರ್?" ಗುತ್ತೆಪ್ಪ ಕೇಳಿದ.

"ಪಂದ್ಯ ಮುಗೀಲಿ. ಬಡಪಾಯಿ, ಮನಸ್ಸಿಟ್ಟು ಓಡಿಸಲಿ."

ಮೊದಲು ಸೂರಪ್ಪನ ಜೀಪು. ಚೆನ್ನಾಗಿಯೇ ಜಾರಿತು. ಕೊನೆಯ ಡ್ರಮ್ಮಿನ ಹತ್ತಿರ ಒಂದು ಗಳಿಗೆ ನೆಟ್ಟಗಾಯಿತು. ಜನ ಉಶ್ ಎಂದರು.

ಆಮೇಲೆ ಫಿಯಟ್. ಒಳಗೆ ಸಣ್ಣ ಟರ್ಬೊ, ಟ್ಯಾಂಕಿನಲ್ಲಿ ಪೆಟ್ರೋಲು. ಚಾಂದ್ ಪಾಷಾ ಕಾಲು ಒತ್ತಿದ. ಟರ್ಬೊ ಸುಯ್ ಎಂದಿತು, ಆ ಕ್ಷಣವೇ ಹಿಂದಿನ ಚಕ್ರ ಕಿತ್ತುಕೊಂಡಿತು. ಕಾಲು ಸಡಿಲಿಸಿದರೆ ಗಾಡಿ ತಗ್ಗಿತು, ಒತ್ತಿದರೆ ಎದ್ದಿತು. ಹೇಳಿದ ಮಾತು ಕೇಳುವ ಕಾರು! ಡ್ರಮ್ಮಿನಿಂದ ಡ್ರಮ್ಮಿಗೆ ಮೂತಿ ಒಳಗೆ, ಬಾಲ ಹೊರಗೆ, ಒಂದೇ ಸಮ ಅಡ್ಡಡ್ಡ ಹೋಯಿತು. ಧೂಳು ಇಳಿದಾಗ ಸೋತ ಸೂರಪ್ಪನೇ ಓಡಿಬಂದು ಬಾಗಿಲು ತೆಗೆದು ಅವನನ್ನು ಅಪ್ಪಿಕೊಂಡ. ರಶೀದಾಳ ಕಣ್ಣಲ್ಲಿ ನೀರು, ಮುಖದ ತುಂಬ ನಗು. ಹಾಲೇಶಪ್ಪನಂತೂ ಯಾರು ಸಿಕ್ಕರೆ ಅವರನ್ನು ಎತ್ತಿ ಕುಣಿಯುತ್ತಿದ್ದ.

"ಎಲ್ಲರಿಗೂ ನನ್ನ ಲೆಕ್ಕದಾಗೆ ಮಂಡಕ್ಕಿ!" ಚಾಂದ್ ಪಾಷಾ ಕೂಗಿದ.

"ಹಂಗಾದ್ರೆ ಈ ಚೀಲ ನೀವೇ ಎತ್ತಿ ಕೊಡ್ರಿ," ಎಂದ ಕರಿಬಸವರಾಜ ಎದ್ದು ನಿಂತು.

ಚೀಲ ನೋಡಿದ್ದೇ ತಡ, ಚಾಂದ್ ಪಾಷಾನ ಕೈ ಮೀಸೆಗೆ ಹೋಯಿತು.

"ಅಯ್ಯೋ, ಅದು ನನ್ನ ಕೈಲೂ ಅಲ್ಲಾಡ್ಲಿಲ್ಲ ಕಣಪ್ಪ," ಎಂದಳು ಕೆಂಚವ್ವ. "ಮಂಡಕ್ಕಿನೋ ಗುಂಡುಕಲ್ಲೋ ಅಂತ ಹಂಗೇ ಬಿಟ್ಟೆ."

ಗುತ್ತೆಪ್ಪ ಚೀಲ ಬೋರಲು ಮಾಡಿದ. ಬಿಳಿ ರಾಶಿಯ ನಡುವೆ ಕಪ್ಪಗೆ, ದುಂಡಗೆ ದೊಡ್ಡ ಟರ್ಬೊ ಉರುಳಿತು. ಅದರ ಹಿಂದೆ ಸ್ಪಿರಿಟ್ ಜೆಟ್ ಟಣ್ಣೆಂದು ಬಿತ್ತು.

"ಕಳ್ಳ ಯಾರ್ರೀ?" ಹಾಲೇಶಪ್ಪ ಕಿರುಚಿದ.

"ನಿಮ್ಮ ಎದುರಿಗೇ ಇದಾರಲ್ಲ." ಕರಿಬಸವರಾಜ ಬೆರಳು ತೋರಿಸಿದ್ದು ಚಾಂದ್ ಪಾಷಾನ ಕಡೆಗೆ. "ಕಾರು ಕೆಡಿಸೋಕೆ ಬಂದ ಕಳ್ಳ ಟರ್ಬೊ ಒಯ್ತಾನೆ, ಸರಿ. ಪೆಟ್ರೋಲ್ ಜೆಟ್ ಹಾಕಿ ಗಾಡಿ ರೆಡಿ ಮಾಡಿ ಹೋಗ್ತಾನಾ? ಅಂದ್ರೆ ಅವನಿಗೆ ಈ ಕಾರು ಓಡಬೇಕಿತ್ತು, ಗೆಲ್ಲಬೇಕಿತ್ತು, ಸಣ್ಣ ಟರ್ಬೊದಲ್ಲಿ. ಇನ್ನು ಬೀಗ. ಬಾಗಿಲಲ್ಲಿ ಕೊಯ್ದಿದ್ರೆ ಪುಡಿ ಹೊಸಿಲ ಹತ್ರ ಬೀಳಬೇಕು. ಬಿದ್ದಿದ್ದು ಒಳಗೆ, ಮೇಜಿನ ಕೆಳಗೆ, ಚೆಲ್ಲಿದ ಮಂಡಕ್ಕಿಯ ಮೇಲೆ. ಮೊದಲು ಚೀಲ ತುಂಬಿದಾನೆ, ಆಮೇಲೆ ಬೀಗ ಕೊಯ್ದಿದಾನೆ, ಚೀಲವನ್ನ ಹಿಂದಿನ ಭಟ್ಟಿ ಗೋದಾಮಿನಲ್ಲಿ ಬಚ್ಚಿಟ್ಟಿದಾನೆ. ಮಾಲು ಮೂಟೆ ಕಟ್ಟಿದ ಮೇಲೆ ಬೀಗ ಒಡೆಯೋ ಕಳ್ಳನ ಹತ್ರ ಕೀಲಿಕೈ ಇರಲೇಬೇಕು."

"ಕೀಲಿಕೈ ನನ್ನ ಹತ್ರನೂ ಇತ್ತಲ್ರಿ?" ಎಂದ ಹಾಲೇಶಪ್ಪ.

"ಇತ್ತು. ಆದ್ರೆ ನೀನು ಸ್ಟೇಷನ್ನಿಗೆ ಓಡಿಬಂದೆ. ಇವರು ಪೊಲೀಸ್ ಬ್ಯಾಡ ಅಂದ್ರು. ಟ್ರಯಲ್ ಮಾಡಿಲ್ಲ ಅಂತ ಸುಳ್ಳು ಬೇರೆ. ವಿದ್ಯಾನಗರದ ವಾರ್ಡನ್ನರ ಪಂಚೆ ಇನ್ನೂ ಜೋಳದ ಹೊಲದಲ್ಲೇ ಇದೆ. ದೊಡ್ಡ ಟರ್ಬೊ ಹೆಂಗೆ ಕೈಕೊಡ್ತದೆ ಅಂತ ಶುಕ್ರವಾರ ಸಂಜೆಯೇ ಇವರಿಗೆ ಗೊತ್ತಾಗಿತ್ತು. ತಾನಾಗಿ ತೆಗೆದ್ರೆ ಮೀಸೆ ಹೋಗ್ತದೆ, ತೆಗೀದಿದ್ರೆ ಬೋರ್ಡು ಹೋಗ್ತದೆ. ಕಳುವಾದ್ರೆ? ಎರಡೂ ಉಳೀತವೆ."

ಸೂರಪ್ಪನ ನಗು ಸಿಡಿಯಿತು. ಇಡೀ ಹೊಳೆದಂಡೆ ನಕ್ಕಿತು.

"ಮೀಸೆ! ಮೀಸೆ! ಕತ್ತರಿ ತರ್ರಪ್ಪೋ!"

ಚಾಂದ್ ಪಾಷಾ ತಲೆ ತಗ್ಗಿಸಿ ರಶೀದಾಳ ಎದುರು ಬಂದು ನಿಂತ.

"ನೀನು ಹೇಳಿದ್ದೇ ಖರೆ ಇತ್ತು. ಆವತ್ತು ಮಂದಿ ಎದುರಿಗೆ ನಿನಗೆ ಹಂಗೆ ಅಂದುಬಿಟ್ಟೆ. ತಪ್ಪಾತು ಅನ್ನಾಕೆ ನಾಚ್ಕೆ ಆತು. ಬೋಳಿಸ್ಲಿ ಬಿಡು."

"ಬ್ಯಾಡ್ರಿ," ಎಂದಳು ರಶೀದಾ. "ಮೀಸೆ ಇಲ್ದ ಮುಖ ದಿನಾ ನೋಡಬೇಕಾದೋಳು ನಾನು. ಮಂದಿ ಎದುರಿಗೆ ಆಡಿದ ಮಾತಿಗೆ ಮಂದಿ ಎದುರಿಗೇ ದಂಡ ಕಟ್ರಿ. ಬೋರ್ಡಿನ ಮ್ಯಾಲೆ ನನ್ನ ಹೆಸರೂ ಬರೆಸ್ರಿ."

ಗುತ್ತೆಪ್ಪ ಸಾಹೇಬರ ಕಿವಿಯಲ್ಲಿ ಕೇಳಿದ. "ಸರ್, ತನ್ನದನ್ನ ತಾನೇ ಕದ್ರೆ ಯಾವ ಸೆಕ್ಷನ್ ಹಾಕೋದ್ರಿ?"

"ಮೊದಲು ಮಂಡಕ್ಕಿಗೆ ಒಗ್ಗರಣೆ ಹಾಕಿಸು. ಆಮೇಲೆ ನೋಡೋಣ."

*

ಸೋಮವಾರ ಸೂರಪ್ಪ ಮಾತಿನಂತೆ ತನ್ನ ಬೋರ್ಡನ್ನು ತಾನೇ ಹೊತ್ತು ತಂದ. ಅದನ್ನು ಇಟ್ಟುಕೊಳ್ಳಲು ರಶೀದಾ ಒಪ್ಪಲಿಲ್ಲ. ಮಿರ್ಚಿ ತಿನ್ನಿಸಿ ಬೋರ್ಡಿನ ಸಮೇತ ವಾಪಸು ಕಳಿಸಿದಳು. ನಿಟ್ಟುವಳ್ಳಿಯ ಬೋರ್ಡು ಮಾತ್ರ ಕೆಳಗಿಳಿಯಿತು. ಪೇಂಟರ್ ಬ್ರಷ್ ಅದ್ದಿ, ಯಾರ ಹೆಸರು ಮೊದಲು ಎಂದು ಕೇಳಿದ. ಚಾಂದ್ ಪಾಷಾ ಮೀಸೆ ತಿರುವುತ್ತ ಸ್ವಲ್ಪ ಹೊತ್ತು ಯೋಚಿಸಿ, ಹೇಳಿದ.

ಮರುದಿನ ಬೆಳಿಗ್ಗೆ ಎಂದಿನಂತೆ ಏಣಿ ಹತ್ತಿ ಬೋರ್ಡು ಒರೆಸಿದ. ಮೊದಲು ರಶೀದಾಳ ಹೆಸರು, ಆಮೇಲೆ ತನ್ನದು.